ಬೆತ್ತದಕ್ಕ ಬಸ್ಸು ಹತ್ತಿದ್ದು

ಪೇಟೆಯವರೆಲ್ಲ ಅವಳನ್ನು ಬೆತ್ತದಕ್ಕ ಎಂದೇ ಕರೆಯುತ್ತಿದ್ದರು. ತಳ ಹರಿದ ಬೆತ್ತದ ಕುರ್ಚಿಗಳನ್ನು ಮನೆಗಳಿಂದ ಒಯ್ದು, ಹೊಸದಾಗಿ ಹೆಣೆದು ತಂದುಕೊಡುವುದು ಅವಳ ಕಸುಬು. ಕಲಿಸಿದವಳು ಅತ್ತೆ. ಬೆತ್ತದಕ್ಕನ ಮನೆ ಪೇಟೆಯಾಚೆ, ಬಸ್ಸಿನ ಕೊನೆಯ ನಿಲ್ದಾಣದ ಹಿಂದೆ. ಹಳೇ ಬಸ್ಸುಗಳಿದ್ದಾಗ ಚಿಂತೆಯಿರಲಿಲ್ಲ. ಹಿಂದೆ ಏಣಿ, ಮೇಲೆ ಕಂಬಿ ಕಟ್ಟಿದ ಛಾವಣಿ. ಕುರ್ಚಿಗಳನ್ನು ಬೋರಲು ಹಾಕಿ ಹಗ್ಗ ಬಿಗಿದರೆ ಆಯಿತು, ಕಿಟಕಿ ಪಕ್ಕ ಕೂತು ನಿದ್ದೆ ಮಾಡಬಹುದಿತ್ತು.

ಆಮೇಲೆ ಹೊಸ ಬ್ಯಾಟರಿ ಬಸ್ಸುಗಳು ಬಂದವು. ತಾನಾಗಿ ಮುಚ್ಚುವ ಬಾಗಿಲು, ನಿಲ್ದಾಣದ ಹೆಸರು ಹೇಳುವ ಹೆಣ್ಣುದನಿ. ಛಾವಣಿಯ ಮೇಲೆ ಎಸಿ ಯಂತ್ರ ಕೂತಿತು. ಒಳಗೆ ತಲೆಯ ಮೇಲಿನ ಹಲಗೆ ಎಷ್ಟು ಇಕ್ಕಟ್ಟೆಂದರೆ ಒಂದು ಕೈಚೀಲ ತುರುಕುವಷ್ಟರಲ್ಲಿ ಸಾಕುಸಾಕು. ಸೀಟಿನಲ್ಲಿ ಕೂತರೆ ಮಂಡಿ ಮುಂದಿನವರ ಬೆನ್ನಿಗೆ ತಾಗುತ್ತದೆ.

“ಇದನ್ನ ಮಾಡಿದೋನು ಜನ್ಮದಲ್ಲಿ ಒಂದು ಗಂಟು ಹೊತ್ತು ಬಸ್ಸು ಹತ್ತಿಲ್ಲ ಬಿಡು,” ಎಂದು ಅವಳು ಗಂಡನಿಗೆ ದಿನವೂ ಹೇಳುತ್ತಿದ್ದಳು. ಅವನು ಕೇಳಿ ಕೇಳಿ ಹೂಂಗುಟ್ಟುವುದನ್ನೂ ಬಿಟ್ಟಿದ್ದ.

ಒಂದು ಬೆಳಿಗ್ಗೆ ಮನೆಗೆ ಒಯ್ಯಲು ಎರಡು ಹರಿದ ಕುರ್ಚಿ ಹಿಡಿದು ಪೇಟೆಯ ನಿಲ್ದಾಣದಲ್ಲಿ ನಿಂತವಳನ್ನು ನೋಡಿ ಎರಡು ಬಸ್ಸು ನಿಲ್ಲದೆ ಹೋದವು. ಮೂರನೆಯದಕ್ಕೆ ಅವಳು ನುಗ್ಗಿಯೇಬಿಟ್ಟಳು. ನಡುವಿನ ಬಾಗಿಲ ಎದುರು ಸೀಟಿಲ್ಲದ ಜಾಗವಿತ್ತು. ಕುರ್ಚಿಗಳನ್ನು ಅಲ್ಲಿಟ್ಟಳು.

“ಅಕ್ಕಾ, ಅದು ಗಾಲಿಕುರ್ಚಿ ಜಾಗ,” ಎಂದ ಕಂಡಕ್ಟರ್.

“ಇವೂ ಕುರ್ಚಿನೇ ಅಲ್ವೇನಪ್ಪ?”

“ಗಾಲಿ ಎಲ್ಲಿದೆ?”

“ಸರಿ, ಡಿಕ್ಕಿ ತೆಗಿ.”

“ಅದರಲ್ಲಿ ಬ್ಯಾಟರಿ ಇದೆ.”

“ಹಾಗಾದ್ರೆ ಎಲ್ಲಿಡ್ಲಿ? ನಿನ್ನ ತಲೆ ಮೇಲಾ?”

“ನನಗೇ ನಿಲ್ಲೋಕೆ ಜಾಗ ಇಲ್ಲ, ನೋಡ್ತಾ ಇದೀರಲ್ಲ.”

ಮುಂದಿನ ನಿಲ್ದಾಣದಲ್ಲಿ ಮೊಬೈಲ್ ರಿಪೇರಿ ಮಾಡುವ ಯುವಕನೊಬ್ಬ ನಿಜವಾಗಿಯೂ ಗಾಲಿಕುರ್ಚಿಯಲ್ಲಿ ಬಂದ. ಬೆತ್ತದಕ್ಕ ತನ್ನ ಕುರ್ಚಿಗಳನ್ನು ಎತ್ತಿಕೊಂಡಳು. ಆದರೂ ಅವನ ಚಕ್ರ ಒಳಗೆ ತಿರುಗಲಿಲ್ಲ. ಅಲ್ಲೇ ಪಕ್ಕದ ಸೀಟಿನವನ ದೊಡ್ಡ ಸೂಟ್‌ಕೇಸ್ ಅಡ್ಡವಿತ್ತು, ಅವನು ಕಣ್ಣು ಮುಚ್ಚಿಕೊಂಡಿದ್ದ.

“ದಿನಾ ಇದೇ ಗೋಳು,” ಎಂದ ರಿಪೇರಿಯವನು. “ನನ್ನ ಜಾಗದಲ್ಲಿ ಊರಿನವರ ಪೆಟ್ಟಿಗೆ ಎಲ್ಲಾ ಇರುತ್ತೆ, ನಾನೊಬ್ಬ ಬಿಟ್ಟು.”

ಬೆತ್ತದಕ್ಕನ ಪಿತ್ತ ನೆತ್ತಿಗೇರಿತು. ಸೂಟ್‌ಕೇಸನ್ನು ಎತ್ತಿ ಅದರ ಯಜಮಾನನ ತೊಡೆಯ ಮೇಲೆ ಕೂರಿಸಿದಳು. “ನಿದ್ದೆ ಮಾಡಿ ಸ್ವಾಮಿ, ತಲೆದಿಂಬು ಬಂತು.”

ರಿಪೇರಿಯವನು ಒಳಗೆ ಬಂದು ಬೆಲ್ಟು ಕಟ್ಟಿಕೊಂಡ. “ಒಂದು ಕುರ್ಚಿ ನನ್ನ ಮಡಿಲಿಗೆ ಕೊಡಿ ಅಕ್ಕ,” ಎಂದ. ಇನ್ನೊಂದನ್ನು ಅವಳು ಎದೆಗವಚಿಕೊಂಡು ನಿಂತಳು. ಡ್ರೈವರ್ ಬ್ರೇಕ್ ಹಾಕಿದಾಗ ಆಯ ತಪ್ಪಿ ಕಂಬಕ್ಕೆ ಬಡಿದಳು. ಕುರ್ಚಿಯ ಕಾಲು ಲಟಕ್ಕೆಂದು ಮುರಿಯಿತು.

ಮನೆಗೆ ಬಂದವಳೇ ಜಗುಲಿಯಲ್ಲಿ ಕುಕ್ಕರಿಸಿದಳು. “ತಳ ಹಾಕೋಕೆ ತಂದ ಕುರ್ಚಿಗೆ ಈಗ ಕಾಲೂ ಇಲ್ಲ. ಆ ಮನೆಯವರಿಗೆ ಯಾವ ಮುಖ ತೋರಿಸ್ಲಿ?”

ಗಂಡ ಕಾಲನ್ನು ತಿರುಗಿಸಿ ನೋಡಿದ. “ಬಡಗಿ ಹತ್ರ ನಾನು ಒಯ್ತೀನಿ. ನೀನೊಂದು ಕೆಲಸ ಮಾಡು. ಕುರ್ಚಿ ತರೋದು ಬಿಡು, ನೀನೇ ಅವರವರ ಮನೆಗೆ ಹೋಗಿ ಹೆಣಿ.”

ಅವಳಿಗೆ ಇನ್ನಷ್ಟು ಸಿಟ್ಟು ಬಂತು, ಯಾಕೆಂದರೆ ಮಾತು ಸರಿಯಾಗಿತ್ತು.

ಈಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೆತ್ತ, ಉಳಿ, ಸುತ್ತಿಗೆ ಒಂದೇ ಚೀಲದಲ್ಲಿ ಹಿಡಿದು ಮನೆಮನೆಗೆ ಹೋಗುತ್ತಾಳೆ. ಅಟ್ಟದ ಮೇಲಿದ್ದ ಹರಕು ಕುರ್ಚಿಗಳೂ ಇಳಿದು ಬರುತ್ತವೆ, ಕೆಲಸ ಮೊದಲಿಗಿಂತ ಹೆಚ್ಚೇ ಇದೆ. ಆದರೂ ಯಾರಾದರೂ “ಒಳ್ಳೇದೇ ಆಯ್ತಲ್ಲ” ಎಂದರೆ ಉರಿದು ಬೀಳುತ್ತಾಳೆ.

“ಏನು ಒಳ್ಳೇದು? ಅವರು ಜಾಗ ಮಾಡ್ಲಿಲ್ಲ, ನಾನೇ ಕುಗ್ಗಿಕೊಂಡೆ. ಮನೇಲಾದ್ರೆ ನನ್ನ ಪಾಡಿಗೆ ಹೆಣೀತಿದ್ದೆ. ಇಲ್ಲಿ ಒಂದೊಂದು ಎಳೆಗೂ ಮನೆ ಯಜಮಾನರ ಬುದ್ಧಿವಾದ ಕೇಳ್ಬೇಕು.”