ಟೈರು ಕಚ್ಚಿ ನೋಡಿದ ಗೋಪಣ್ಣ

ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಗೋಪಣ್ಣನ ಕೆಲಸ ಕಚ್ಚುವುದು. ಲೋಡು ಬಂದ ಕೂಡಲೇ ಚೀಲಕ್ಕೆ ಕೈ ಹಾಕಿ, ಒಂದು ಕಾಳು ತೆಗೆದು ಮುಂದಿನ ಹಲ್ಲಿನಲ್ಲಿ ಕಟುಕ್ಕೆನ್ನಿಸಿ, ಭತ್ತ ಎಷ್ಟು ಒಣಗಿದೆ, ನುಚ್ಚಾಗುತ್ತದೋ ಇಲ್ಲವೋ ಹೇಳಿಬಿಡುತ್ತಾನೆ. ಮೂವತ್ತು ವರ್ಷದಲ್ಲಿ ಅವನು ಕಚ್ಚಿದ ಕಾಳೆಲ್ಲ ಒಂದು ಕಡೆ ಸುರಿದರೆ ಮಸ್ಕಿಯ ಗುಡ್ಡ ಅದರ ಮಗ್ಗುಲಲ್ಲಿ ಕೂಸಿನಂತೆ ಕಂಡೀತು. ಅಷ್ಟರ ಮಟ್ಟಿಗೆ ಅವನು ಜಾಣ, ಒಪ್ಪುತ್ತೇನೆ. ಆದರೆ ಲೋಕದಲ್ಲಿರುವುದೆಲ್ಲ ಭತ್ತವೇ ಎಂದು ತಿಳಿದವನನ್ನು ಏನು ಮಾಡುವುದು? ಹೆಣ್ಣು ನೋಡಲು ಹೋದಾಗ ಅಮರಮ್ಮನ ಕೈಬಳೆಯನ್ನೂ ಕಚ್ಚಿ ನೋಡಿದ ಎಂದರೆ ನೀವು ನಂಬುವುದಿಲ್ಲ, ಬಿಡಿ.

ಐವತ್ತೆರಡನೆಯ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ದಿನಾ ನಡೆಯಿರಿ ಅಂದರು. ನಡೆಯುವುದು ಗತಿಯಿಲ್ಲದವರ ಕೆಲಸ ಎಂದು ಗೋಪಣ್ಣ ರೇಸಿನ ಸೈಕಲ್ ತಂದ. ಫ್ಯಾನು ಹಾಕಿದರೆ ಹಾರಿಹೋದೀತೆಂದು ಗೂಟಕ್ಕೆ ಕಟ್ಟಬೇಕು, ಅಷ್ಟು ಹಗುರ. ಅಂಥದ್ದು ಹೊರಗೆ ನಿಂತೀತೇ? ಸೈಕಲ್ ಪಡಸಾಲೆಗೆ ಬಂತು, ಅಮರಮ್ಮನ ಮಂಚ ಅಂಗಳಕ್ಕೆ ಹೋಯಿತು.

ಮೂರು ತಿಂಗಳು ಸಹಿಸಿದ ಅಮರಮ್ಮ, ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮಾಡುವ ತನ್ನ ತಮ್ಮ ಶಿವರಾಜನೂ ಅಂಥದ್ದೇ ಸೈಕಲ್ ಕೊಂಡಾಗ, ಗಂಡನನ್ನೂ ತಮ್ಮನನ್ನೂ ಎದುರಿಗೆ ಕೂರಿಸಿದಳು.

"ಈ ಐತವಾರ ಇಬ್ಬರೂ ಲಿಂಗಸುಗೂರ ತನಕ ಸೈಕಲ್ ಹೊಡೀರಿ. ನೀವು ಗೆದ್ರ ಅದು ಒಳಗಿರ್ಲಿ. ನಮ್ಮ ತಮ್ಮ ಗೆದ್ರ ಅದು ಹೊಟ್ಟಿನ ಕೊಟ್ಟಿಗ್ಯಾಗ, ನನ್ನ ಮಂಚ ಒಳಗ."

ಗೋಪಣ್ಣನ ಟೈರು ಸವೆದಿದ್ದವು. ಟ್ಯೂಬ್‌ಲೆಸ್ ಟೈರು ಹಾಕಿಸಲು ಜಂಗ್ಲಿಸಾಬ್‌ನ ಅಂಗಡಿಗೆ ಹೋದ. ನಲವತ್ತು ವರ್ಷದಿಂದ ಪಂಕ್ಚರ್ ತಿದ್ದುವ ಮುದುಕ. ಟ್ಯೂಬು ನೀರಿನಲ್ಲಿ ಅದ್ದಿದಾಗ ಏಳುವ ಗುಳ್ಳೆಗಿಂತ ಒಂದು ಮಾತು ಹೆಚ್ಚಿಗೆ ಆಡುವವನಲ್ಲ.

"ನಿಮ್ಮ ರಿಮ್ಮಿನ ಅಂಚಿಗೆ ಒಳಗ ಟೈರು ಹಿಡಿಯೋ ಕೊಕ್ಕಿ ಇಲ್ರಿ," ಅಂದ. "ಇದಕ್ಕ ಈ ಅಗಲದ ಟೈರಾ ಕೂಡತೈತಿ. ಗಾಳಿ ಎಪ್ಪತ್ತರ ಒಳಗ ಇರ್ಬೇಕು. ಬಿಗಿ ಮಾಡಿದ್ರ ರಿಮ್ ಬಿಟ್ಟು ಹಾರತೈತಿ."

ಗೋಪಣ್ಣ ಅಲ್ಲಿದ್ದ ಎರಡು ನಮೂನೆ ಟೈರನ್ನೂ ಕಚ್ಚಿದ. ಕಣ್ಣು ಮುಚ್ಚಿ ದವಡೆ ಆಡಿಸಿದ.

"ಅದು ಇನ್ನಾ ಹಸಿ ಐತಿ. ಇದು ಒಣಗಿದ ಮಾಲು. ಇದನ್ನ ಹಾಕು."

ಗ್ರಹಚಾರ ನೋಡಿ, ಅವನು ಕಚ್ಚಿ ಆರಿಸಿದ್ದು ಜಂಗ್ಲಿಸಾಬ್ ತೋರಿಸಿದ್ದೇ ಆಗಿತ್ತು. ಅಲ್ಲಿಗೆ ಅವನನ್ನು ಹಿಡಿಯುವವರಿಲ್ಲದಂತಾಯಿತು.

ಜಂಗ್ಲಿಸಾಬ್ ರಿಮ್ಮಿನ ಸುತ್ತ ಟೇಪು ಬಿಗಿದು, ವಾಲ್ವು ಕೂರಿಸಿ, ಟೈರಿನ ಎರಡೂ ಅಂಚನ್ನು ಹೆಬ್ಬೆರಳಿನಿಂದ ಒಳಗೆ ತಳ್ಳಿದ. ಕೈಪಂಪು ಹೊಡೆದರೆ ಬಂದ ಗಾಳಿ ಬಂದ ದಾರಿಯಲ್ಲೇ ಹೋಯಿತು. ಗಾಲಿಗಳನ್ನು ಪಕ್ಕದ ಲಾರಿ ಟೈರಿನ ಅಂಗಡಿಗೆ ಒಯ್ದು ಒಮ್ಮೆಲೇ ಗಾಳಿ ನುಗ್ಗಿಸಿದ. ಅಂಚು ಟಪ್, ಟಪ್ ಎಂದು ಕೂತ ಸದ್ದಿಗೆ ಬಳಗಾನೂರಿನ ಬಸ್ಸಿನವನು ಗಾಡಿ ನಿಲ್ಲಿಸಿ ತನ್ನ ಆರೂ ಗಾಲಿ ಮುಟ್ಟಿ ನೋಡಿಕೊಂಡ. ಆಮೇಲೆ ಜಂಗ್ಲಿಸಾಬ್ ಹಾಲಿನಂಥ ದ್ರವದ ಬಾಟಲಿ ತೆಗೆದ.

"ಇದು ಒಳಗ ಹಾಕ್ಬೇಕ್ರಿ. ಮುಳ್ಳು ಚುಚ್ಚಿದ್ರ ತಾನಾ ಬಂದು ತೂತು ಮುಚ್ಚತೈತಿ."

ಗೋಪಣ್ಣ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡ. "ಥೂ. ಅಕ್ಕಿ ಸೀಮ್ಯಾಗ ಕುಂತು ನನಗ ಬಿಳಿ ನೀರು ತೋರಿಸ್ತಿಯಲ್ಲೋ ಜಂಗ್ಲಿ. ಇದಕ್ಕಿಂತ ನಮ್ಮ ಗಂಜಿ ಅಂಟು."

"ಗಂಜಿ ಹೊಟ್ಟಿಗಿ ಹಾಕ್ರಿ ಭಾಯ್, ಟೈರಿಗಲ್ಲ."

"ಮೂವತ್ತು ವರ್ಷ ಅಕ್ಕಿ ಕಚ್ಚೀನಿ."

"ಸೈಕಲ್ ತುಳದಿದ್ದು ಮೂರು ತಿಂಗಳ್ರಿ."

ಜಂಗ್ಲಿಸಾಬ್ ಬಾಟಲಿಗೆ ಮುಚ್ಚಳ ಹಾಕಿ, ಗಂಜಿ ತಾನು ಮುಟ್ಟುವುದಿಲ್ಲವೆಂದು ಗಾಲಿ ಹಾಗೇ ಕೊಟ್ಟು ಕಳಿಸಿದ. ಅಮರಮ್ಮ ಸೀರೆಗೆಂದು ಕಾಯಿಸಿಟ್ಟ ಗಂಜಿಯನ್ನು ಗೋಪಣ್ಣ ದನದ ಸಿರಿಂಜಿನಲ್ಲಿ ಎಳೆದು, ವಾಲ್ವಿನಿಂದ ಎರಡೂ ಟೈರಿಗೆ ಕುಡಿಸಿದ. ಅಂದು ಬುಧವಾರ. ನಮ್ಮ ಬಿಸಿಲಿಗೆ ಐತವಾರದ ಹೊತ್ತಿಗೆ ಅದು ಎಷ್ಟು ಹುಳಿ ಬಂದಿತ್ತೆಂದರೆ, ಸೈಕಲ್ ಹೊರಬಿದ್ದಾಗ ದಢೇಸುಗೂರಿನ ಇರುವೆಗಳೂ ಬುತ್ತಿ ಕಟ್ಟಿಕೊಂಡು ಹಿಂದೆ ಹೊರಟವು.

ಬೆಳಗ್ಗೆ ಆರಕ್ಕೆ ಇಬ್ಬರೂ ಸಿಂಧನೂರು ಬಿಟ್ಟರು. ಸುಳ್ಳು ಹೇಳಬಾರದು, ಗೋಪಣ್ಣನೇ ಮುಂದಿದ್ದ. ಮಸ್ಕಿ ಎರಡು ಮೈಲಿ ಇದೆ ಎನ್ನುವಾಗ ಯಾರೋ ಬೇಲಿಗೆಂದು ಕಡಿದ ಜಾಲಿ ರಸ್ತೆಗೆ ಚೆಲ್ಲಿತ್ತು. ಇಬ್ಬರ ಗಾಲಿಗೂ ಮುಳ್ಳು ಹೊಕ್ಕಿತು. ಶಿವರಾಜನ ಟೈರಿನಲ್ಲಿ ಆ ಬಾಟಲಿಯ ದ್ರವವೇ ಇತ್ತು, ಬಿಳಿಯ ಎಳೆಯೊಂದನ್ನು ಉಗುಳಿ, ನಾಲ್ಕು ಸುತ್ತಿಗೆ ಬಾಯಿ ಮುಚ್ಚಿತು. ಗೋಪಣ್ಣನ ಹಿಂದಿನ ಟೈರು ಕಾರಂಜಿಯಾಯಿತು. ಹುಳಿಗಂಜಿ ಬೆನ್ನಿಗೆ, ಕತ್ತಿಗೆ, ಹೆಲ್ಮೆಟ್ಟಿಗೆ ಹಾರಿತು. ಎಲ್ಲಿತ್ತೋ ಒಂದು ನಾಯಿ, ಬಂದು ಅವನ ಮೀನಖಂಡ ನೆಕ್ಕಿತು.

ಶಿವರಾಜ ದಾಟುತ್ತ ಕತ್ತು ಹೊರಳಿಸಿದ. "ಮಾವ, ಬುತ್ತಿ ಚೆಲ್ಲಾಕತ್ತೈತಿ ನೋಡು."

ಅಂದು ಗೋಪಣ್ಣ ಸೈಕಲ್ ಹೆಗಲಿಗೆ ಹಾಕಿ ಮಸ್ಕಿಯವರೆಗೆ ಎರಡು ಮೈಲಿ ನಡೆದ, ಡಾಕ್ಟರು ಹೇಳಿದಂತೆಯೇ. ಬಸ್ಸಿನಲ್ಲಿ ಮನೆಗೆ ಬಂದಾಗ ಪಡಸಾಲೆಯಲ್ಲಿ ಮಂಚ ಬಿದ್ದಿತ್ತು, ಮಂಚದ ಮೇಲೆ ಅಮರಮ್ಮ ಎಲೆಯಡಿಕೆ ಹಾಕುತ್ತ ಕೂತಿದ್ದಳು. ಅವಳು ಹೊಟ್ಟಿನ ಕೊಟ್ಟಿಗೆಯ ಕಡೆಗೆ ಗದ್ದ ಎತ್ತಿದಳು.

ಆ ಕೊಟ್ಟಿಗೆಯ ಇಲಿಗಳು ತಲೆತಲಾಂತರದಿಂದ ಬರೀ ಹೊಟ್ಟು ತಿಂದು ಬೇಸತ್ತಿದ್ದವು. ಗಂಜಿಯ ವಾಸನೆ ಹಿಡಿದು ಬಂದು ಎಂಟೇ ದಿನದಲ್ಲಿ ಎರಡೂ ಟೈರು ಮುಗಿಸಿದವು. ಗೋಪಣ್ಣ ಉಳಿದ ಗೇಣುದ್ದದ ತುಂಡು ಹಿಡಿದು ಜಂಗ್ಲಿಸಾಬ್‌ನ ಮುಂದೆ ನಿಂತ. ಅಲ್ಲೂ ಬಾಯಿ ಸುಮ್ಮನಿರಲಿಲ್ಲ, ಒಂದು ಮೂಲೆ ಕಚ್ಚಿದ.

"ಮಾಲು ಛಲೋ ಇತ್ತು ನೋಡು. ಈಗ ಹದಕ್ಕ ಬಂದಿತ್ತು."

ಜಂಗ್ಲಿಸಾಬ್ ಟ್ಯೂಬನ್ನು ನೀರಿಗೆ ಅದ್ದುತ್ತಲೇ ಹೇಳಿದ. "ಇಲಿಗೂ ಹಂಗಾ ಅನ್ನಿಸೇತ್ರಿ."