ಬೆಳ್ಳುಳ್ಳಿ ಒಗ್ಗರಣೆಯ ಬಸಳೆ

ಕಲ್ಯಾಣಪುರದಲ್ಲಿ ನಮ್ಮ ಮನೆಯ ಬಸಳೆ ಚಪ್ಪರದಿಂದ ವಾರಕ್ಕೊಂದು ಕಟ್ಟು ಸೊಪ್ಪು ಪಕ್ಕದ ಟೀಚರಮ್ಮನ ಮನೆಗೆ ಹೋಗುತ್ತಿತ್ತು. ಅಲ್ಲಿಂದ ನಮಗೆ ಹಪ್ಪಳ, ಉಪ್ಪಿನಕಾಯಿ ಬರುತ್ತಿತ್ತು. ಅಮ್ಮ ಬೇಯಿಸಿದ್ದು ಮಾತ್ರ ಒಂದು ದಿನವೂ ಆ ಕಡೆ ಹೋದದ್ದಿಲ್ಲ. ನಾವು ಮೀನು ತಿನ್ನುವ ಕ್ರೈಸ್ತರು, ಅವರು ಬ್ರಾಹ್ಮಣರು. ಹಸಿ ಸೊಪ್ಪಿಗೆ ಮೈಲಿಗೆಯಿಲ್ಲ, ಬೆಂದದ್ದಕ್ಕೆ ಉಂಟು. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ನನಗೆ ಅಕ್ಷರ ಕಲಿಸಿದವರು ಅದೇ ಟೀಚರಮ್ಮ. ಆದರೂ ಕಾಲೇಜಿನ ಮೆಟ್ಟಿಲು ಹತ್ತಿದ ಮೇಲೆ ಈ ಲೆಕ್ಕಾಚಾರ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಮ್ಮನಿಗೆ ಸಿಟ್ಟಿರಲಿಲ್ಲ, ಆಸೆಯಿತ್ತು. ಒಂದೇ ಒಂದು ಸಲ ತನ್ನ ಕೈಯ ಬಸಳೆಯನ್ನು ಟೀಚರಮ್ಮ ಉಣ್ಣಬೇಕು, ಅಷ್ಟೆ.

ಎಪ್ಪತ್ತರ ದಶಕದ ಕೊನೆಗೆ ಉಡುಪಿಯ ಶಾಲೆಯೊಂದರ ಅಂಗಳದಲ್ಲಿ ಮಹಿಳಾ ಮಂಡಳಿಯವರು ಸಸ್ಯಾಹಾರದ ಹಬ್ಬ ಇಟ್ಟುಕೊಂಡರು. ಯಾವ ಜಾತಿಯವರೂ ಬರಬಹುದು. ಮನೆಯಿಂದ ಒಂದೊಂದು ಅಡಿಗೆ ತಂದು ಒಟ್ಟಿಗೆ ಉಣ್ಣುವುದು. ಮುಂದೆ ನಿಂತು ನಡೆಸುತ್ತಿದ್ದ ಟೀಚರಮ್ಮ ಬೇಲಿಯ ಹತ್ತಿರ ಬಂದು, ಕ್ರೈಸ್ತ ಹೆಂಗಸರನ್ನು ನಮ್ಮೂರಲ್ಲಿ ಕರೆಯುವ ಹಾಗೆ ಅಮ್ಮನನ್ನು ಕರೆದು, "ಬಾಯಮ್ಮಾ, ನೀವು ಬಸಳೆ ಪದಾರ್ಥ ತರಬೇಕು. ನಾನೇ ರುಚಿ ನೋಡ್ತೇನೆ" ಎಂದರು.

ಅಮ್ಮ ಮೂರು ದಿನ ಮನೆಯೊಳಗೆ ಮೀನು ತರಗೊಡಲಿಲ್ಲ. "ಮಾಂಸ ಬಿಡುವ ನಲವತ್ತು ದಿನದ ತಪಸ್ಸು ಕಾಲದಲ್ಲೂ ನಮಗೆ ಮೀನು ಉಂಟು ಮಾರಾಯ್ತಿ, ಇದೆಂತ ಹೊಸ ವ್ರತ?" ಎಂದು ಅಪ್ಪ ಗೊಣಗಿದರು. ಹೊಸ ಮಣ್ಣಿನ ಪಾತ್ರೆ ಬಂತು, ಹೊಸ ಸೌಟು ಬಂತು. ದಿನಾ ಮೀನಿನ ಮಸಾಲೆ ಅರೆಯುತ್ತಿದ್ದ ಕಲ್ಲನ್ನು ಅಮ್ಮ ಹುಣಸೆಹುಳಿ ಹಾಕಿ ಉಜ್ಜಿದ್ದೇ ಉಜ್ಜಿದ್ದು. ಕಲ್ಲು ಸವೆಯುವುದೊಂದು ಬಾಕಿ. ಹಬ್ಬದ ದಿನ ಅವಳು ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತಳು. ಮೇಜಿನ ಅಲಂಕಾರಕ್ಕೆಂದು ದೊಡ್ಡ ಕಟ್ಟು ಹಸಿ ಬಸಳೆಯನ್ನು ನಾನು ಹಿಡಿದುಕೊಂಡಿದ್ದೆ.

ಶಾಲೆಯಲ್ಲಿ ಟೀಚರಮ್ಮ ತಾವೇ ಮುಚ್ಚಳ ತೆಗೆದರು. ತೆಗೆದವರೇ ಅರ್ಧ ಹೆಜ್ಜೆ ಹಿಂದೆ ಸರಿದರು.

"ಬೆಳ್ಳುಳ್ಳಿ ಒಗ್ಗರಣೆಯಾ ಬಾಯಮ್ಮಾ?"

"ಹೌದಲ್ಲ. ಬಸಳೆಗೆ ಮತ್ತೆಂತ ಹಾಕುವುದು?"

ಗಂಡ ತೀರಿಕೊಂಡ ಮೇಲೆ ಟೀಚರಮ್ಮ ಈರುಳ್ಳಿ, ಬೆಳ್ಳುಳ್ಳಿ ಬಿಟ್ಟಿದ್ದರಂತೆ. ನಮಗೆ ಸಸ್ಯಾಹಾರವೆಂದರೆ ಮೀನು ಮಾಂಸ ಇಲ್ಲದ್ದು, ಅಲ್ಲಿಗೆ ಮುಗಿಯಿತು. ಅಷ್ಟು ವರ್ಷ ಪಕ್ಕದಲ್ಲಿದ್ದೂ ಅವರು ಏನು ತಿನ್ನುತ್ತಾರೆ, ಏನು ಬಿಟ್ಟಿದ್ದಾರೆ ಎಂದು ನಮಗೆ ತಿಳಿದಿರಲಿಲ್ಲ.

ಅಮ್ಮನ ಮುಖ ಸಣ್ಣದಾಯಿತು. ಮೂರು ದಿನದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಬೆಳ್ಳುಳ್ಳಿ ಬರೀ ನೆಪ ಎಂದೇ ನಾನು ತಿಳಿದೆ. "ಬಾ ಅಮ್ಮಾ, ಹೋಗುವ" ಎಂದು ಅವಳ ಕೈ ಹಿಡಿದೆ.

ಟೀಚರಮ್ಮ ನನ್ನ ಕಂಕುಳಲ್ಲಿದ್ದ ಸೊಪ್ಪು ನೋಡಿದರು. "ಹಸಿ ಸೊಪ್ಪು ಇಷ್ಟು ಉಂಟಲ್ವಾ? ಒಲೆಯೂ ಉಂಟು. ಇನ್ನೊಮ್ಮೆ ಮಾಡಿ ಬಾಯಮ್ಮಾ, ನಾನು ಕಾಯ್ತೇನೆ."

"ಅವರಿಗೆ ಯಾಕೆ ತೊಂದರೆ? ನೀವೇ ಮಾಡಿಬಿಡಿ ಟೀಚರೇ" ಎಂದರು ಮಂಡಳಿಯ ಒಬ್ಬ ಹೆಂಗಸು. ಎಷ್ಟು ಸುಲಭದ ದಾರಿ! ಟೀಚರಮ್ಮ ಅದನ್ನು ಹಿಡಿಯಲಿಲ್ಲ.

"ನಾನು ಮಾಡಿದ್ದನ್ನು ನಾನು ದಿನಾ ತಿಂತೇನಲ್ಲ" ಎಂದರು.

ಅವರು ತೆಂಗಿನಕಾಯಿ ತುರಿದರು, ಅಮ್ಮ ಅರೆದಳು, ದಂಟು ಮುರಿಯುವ ಕೆಲಸ ನನ್ನ ಪಾಲಿಗೆ ಬಂತು. ಬಸಳೆಗೆ ಇಂಗಿನ ಒಗ್ಗರಣೆ ಕೊಟ್ಟು ಗೊತ್ತಿಲ್ಲದ ಅಮ್ಮ, "ಎಷ್ಟು ಹಾಕಬೇಕು?" ಎಂದು ಕೇಳಿಕೊಂಡು ಹಾಕಿದಳು. ಉಳಿದವರೆಲ್ಲ ಉಂಡು ಕೈ ತೊಳೆದರು. ನಮ್ಮ ಬೆಳ್ಳುಳ್ಳಿಯ ಪಾತ್ರೆಯೂ ಅಷ್ಟರಲ್ಲಿ ಖಾಲಿ. ಟೀಚರಮ್ಮ ಮಾತ್ರ ಹಸಿದುಕೊಂಡು ಒಲೆಯ ಮುಂದೆಯೇ ಕುಳಿತಿದ್ದರು. ಆ ಕಾಯುವಿಕೆಗೆ ನಾನು ಇವತ್ತಿಗೂ ಋಣಿ. ಉಣ್ಣದೆ ತಪ್ಪಿಸಿಕೊಳ್ಳಲು ಅವರಿಗೆ ಆ ದಿನ ಬೇಕಾದಷ್ಟು ಕಾರಣಗಳಿದ್ದವು.

ಕೊನೆಗೆ ಜಗಲಿಯಲ್ಲಿ ಎಲೆ ಹಾಕಿದೆವು. ಅವರ ಕಡೆಯ ಹೆಂಗಸರು ಕಂಬದ ಬಳಿ ನಿಂತು ನೋಡುತ್ತಿದ್ದರು. ಅಮ್ಮ ಬಡಿಸಿ, ಸೌಟು ಹಿಡಿದುಕೊಂಡೇ ಎಲೆಯ ಮುಂದೆ ನಿಂತಳು. ಟೀಚರಮ್ಮ ಅನ್ನಕ್ಕೆ ಕಲಸಿ ಒಂದು ತುತ್ತು ಉಂಡರು, ಮತ್ತೊಂದು ಉಂಡರು.

"ಉಪ್ಪು ಸ್ವಲ್ಪ ಕಡಿಮೆ ಆಯ್ತು ಬಾಯಮ್ಮಾ."

ನನಗೆ ಸಿಟ್ಟು ನೆತ್ತಿಗೇರಿತು. ಅಮ್ಮ ನಕ್ಕುಬಿಟ್ಟಳು. ಊಟಕ್ಕೆ ಬಂದ ನೆಂಟರೆಲ್ಲ ಅವಳ ಅಡಿಗೆಯನ್ನು ಚೆನ್ನಾಗಿದೆ ಎಂದೇ ಹೇಳಿ ಹೋಗುತ್ತಿದ್ದರು. ಉಪ್ಪು ಕಡಿಮೆ ಎನ್ನುತ್ತಿದ್ದವರು ಅಪ್ಪ ಒಬ್ಬರೇ.

ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಅಮ್ಮ ಭರಣಿಯನ್ನು ತಂದು ಎಲೆಯ ಪಕ್ಕ ನೆಲದ ಮೇಲಿಟ್ಟಳು. ಟೀಚರಮ್ಮ ಒಂದು ಚಿಟಿಕೆ ಹಾಕಿಕೊಂಡು ಕಲಸಿದರು.

"ಇನ್ನೊಂದು ಸೌಟು ಬಡಿಸಿ" ಎಂದರು.