ಎದುರಂಗಡಿಯ ತಂಪು ಕೋಣೆ

ಹೋದ ವಾರ ನನ್ನ ಡಿಜಿಟಲ್ ಪ್ರಿಂಟಿಂಗ್ ಮೆಷಿನ್ ಕೆಟ್ಟು ನಿಂತಿತು. ಸರ್ವೀಸಿನವರು ಬಂದು ಹಿಂದಿನ ಮುಚ್ಚಳ ತೆಗೆದದ್ದೇ ತಡ, ಬಿಸಿ ಕಾಗದದ ಜೊತೆ ಕಾದ ಇಂಕಿನ ಪುಡಿಯ ವಾಸನೆ ಅಂಗಡಿಯಿಡೀ ತುಂಬಿತು. ಇದೇ ವಾಸನೆಯ ಕೋಣೆಯಲ್ಲಿದ್ದ ಎದುರಂಗಡಿಯವ ನೆನಪಾದ. ಪ್ರೀತಿಯಿಂದ ನೆನಪಾದ ಅಂತ ತಿಳಿಯಬೇಡಿ... ಹೊಟ್ಟೆಕಿಚ್ಚಿನಿಂದ. ಅವನನ್ನು ನೆನೆದಾಗಲೆಲ್ಲ ನನಗೆ ಹಾಗೆಯೇ.

ಕುದ್ರೋಳಿಯಲ್ಲಿ ನಮ್ಮದು ಅಪ್ಪ ಕಟ್ಟಿದ ಪ್ರೆಸ್. ಅಚ್ಚಿನ ಮೊಳೆ ಜೋಡಿಸುವ ಕಾಲದಿಂದ ಆಫ್‌ಸೆಟ್‌ವರೆಗೆ ಬಂದು ನನ್ನ ಕೈಗೆ ಸಿಕ್ಕಿತ್ತು. ಅವನು ದುಬಾಯಿಯ ಯಾವುದೋ ಪ್ರೆಸ್ಸಿನಲ್ಲಿ ದುಡಿದು ಊರಿಗೆ ಮರಳಿದ ಬ್ಯಾರಿ, ನನ್ನದೇ ಪ್ರಾಯ. ರಸ್ತೆಯಾಚೆ ಬಾಡಿಗೆ ಕೋಣೆ ಹಿಡಿದು ಮೊದಲು ಎ.ಸಿ. ಹಾಕಿಸಿದ, ಆಮೇಲೆ ಡಿಜಿಟಲ್ ಮೆಷಿನ್ ತರಿಸಿದ. ಅದನ್ನು ಕ್ರೇನಿನಿಂದ ಇಳಿಸುವಾಗ ನಾನು ನಮ್ಮ ಬಾಗಿಲಲ್ಲಿ ನಿಂತು, ಬೆಲ್ಟ್ ಜಾರಲಿ ದೇವರೇ ಎಂದುಕೊಂಡೆ. ಅಪ್ಪ ಮಾತ್ರ ಪಂಚೆ ಎತ್ತಿ ಕಟ್ಟಿ ರಸ್ತೆ ದಾಟಿ, "ಎಡಕ್ಕೆ, ಎಡಕ್ಕೆ! ಗೋಡೆಗೆ ತಾಗ್ತದೆ ಮಾರಾಯ!" ಎಂದು ಕೂಗುತ್ತಿದ್ದರು, ತಮ್ಮದೇ ಮೆಷಿನ್ ಎಂಬ ಹಾಗೆ.

ಆಮೇಲೆ ಅಪ್ಪ ನನಗೆ ಸಿಗಲಿಲ್ಲ. ಊಟ ಮುಗಿಸಿ ಅಲ್ಲಿ ಹೋಗಿ ಕುಳಿತರೆ ಏಳುವುದು ಸಂಜೆಗೇ. ಅಚ್ಚಿನ ಪ್ಲೇಟು ಬೇಡ, ಇಂಕು ಒಣಗಿಸುವುದು ಬೇಡ, ಕಂಪ್ಯೂಟರಿನಲ್ಲಿ ಒತ್ತಿದರೆ ಬಣ್ಣದ ಮದುವೆ ಕಾಗದ ಹೊರಗೆ! ಅಪ್ಪ ಬಾಯಿ ಬಿಟ್ಟು ನೋಡುತ್ತಿದ್ದರಂತೆ. "ಸೆಕೆಗೆ ಅಲ್ಲಿ ತಂಪು ಉಂಟಲ್ಲ, ಕೂತ್ಕೊಳ್ಳಲಿ ಬಿಡಿ" ಎಂದಳು ನನ್ನ ಹೆಂಡತಿ. ತಂಪೇ ಬೇಕಾದರೆ ನಾನೂ ಎ.ಸಿ. ಹಾಕಿಸಲಾರೆನೇ? ಹಾಕಿಸಿದೆ. ಅಪ್ಪ ಒಮ್ಮೆ ಒಳಗೆ ಬಂದು, "ಒಳ್ಳೆದುಂಟು" ಎಂದು ಪುನಃ ರಸ್ತೆ ದಾಟಿದರು.

ಮೊದಲ ಮಳೆಗಾಲಕ್ಕೇ ಅವನ ಮೆಷಿನ್ ಮುಷ್ಕರ ಹೂಡಿತು. ಈ ಊರಿನ ಹವೆಗೆ ಕಾಗದ ತೇವ ಎಳೆದು ಮುದುರಿ, ಒಳಗೇ ಸಿಕ್ಕಿಕೊಳ್ಳುತ್ತಿತ್ತು. ನನಗೆ ಒಳಗೊಳಗೇ ಹಬ್ಬ. ಅಪ್ಪನೇ ಅವನಿಗೆ ದಾರಿ ಹೇಳಿಕೊಟ್ಟರು: ಕಾಗದದ ಕಟ್ಟನ್ನು ಬಿಚ್ಚದೆ ಒಂದು ದಿನ ಮೆಷಿನಿನ ಕೋಣೆಯಲ್ಲೇ ಇಡು, ಕೋಣೆಗೆ ಒಗ್ಗಿದ ಮೇಲೆ ಬಿಚ್ಚು, ಮಿಕ್ಕಿದ್ದನ್ನು ಗಾಳಿಯಾಡದ ಹಾಗೆ ಪುನಃ ಕಟ್ಟು ಎಂದು. ಈ ಪಾಠ ನನಗೆ ಬೈಗುಳದ ಜೊತೆ ಸಿಕ್ಕಿತ್ತು. ಅವನಿಗೆ ಚಹಾದ ಜೊತೆ. ಅಂದು ಊಟಕ್ಕೆ ಕೂತಾಗ ಅಪ್ಪ, "ಒಮ್ಮೆ ಹೇಳಿದ್ರೆ ಸಾಕು, ಹಿಡಿದುಬಿಡ್ತಾನೆ ಮಾರಾಯ. ಒಳ್ಳೆ ಕೈ" ಅಂದರು. ಮೀಸೆ ಮೂಡುವ ಮೊದಲೇ ಅದೇ ಅಪ್ಪನ ಪಕ್ಕ ನಿಂತು ಕೈ ಮಸಿ ಮಾಡಿಕೊಂಡವ ನಾನು. ಆ ಮಾತು ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ.

ಕೆಲವು ವರ್ಷ ಹೀಗೇ ಕಳೆದು ಅಪ್ಪ ತೀರಿಕೊಂಡರು... ಉತ್ತರಕ್ರಿಯೆಯ ದಿನ ಅವನು ಒಂದು ದೊಡ್ಡ ಫೋಟೊ ತಂದ. ಅವನೇ ಮೊಬೈಲಿನಲ್ಲಿ ತೆಗೆದು, ಅವನೇ ಮುದ್ರಿಸಿದ್ದು. ಮೆಷಿನಿನ ಪಕ್ಕದ ಕುರ್ಚಿಯಲ್ಲಿ ಕೂತು ಅಪ್ಪ ಕಣ್ಣು ಮುಚ್ಚಿಹೋಗುವಷ್ಟು ನಗುತ್ತಿದ್ದಾರೆ! ನಮ್ಮ ಮನೆಯ ಆಲ್ಬಮ್ಮಿನಲ್ಲಾದರೆ ಎಲ್ಲ ಕಡೆ ಕೋರ್ಟಿಗೆ ಸಾಕ್ಷಿ ಹೇಳಲು ಬಂದವರ ಮುಖ.

"ಆ ದಿನ ನಿಮ್ಮ ವಿಷಯವೇ ತೆಗೆದು ನಗಾಡಿದ್ದು. ಎಂತ ಹೇಳಿದ್ರು ಗೊತ್ತುಂಟಾ?" ಎಂದ ಅವನು.

"ಗೊತ್ತುಂಟು. ನನ್ನ ಹತ್ರವೂ ಹೇಳಿದ್ದಾರೆ" ಎಂದು ಸುಳ್ಳು ಹೇಳಿದೆ. ಅಪ್ಪನ ವಿಷಯವನ್ನು ಇವನ ಬಾಯಿಂದ ಕೇಳಬೇಕೇ ನಾನು? ಅವನು ನನ್ನ ಮುಖ ನೋಡಿದ. "ಹಾಗಾದ್ರೆ ಸರಿ" ಎಂದು ಹೊರಟ.

ಕಳೆದ ಮಳೆಗಾಲದಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದ ಅವನೂ ತಿರುಗಿ ಬರಲಿಲ್ಲ. ಮೆಷಿನನ್ನು ಮನೆಯವರು ಮಾರಿದರು. ಆ ಕೋಣೆಯಲ್ಲಿ ಈಗ ಮೊಬೈಲ್ ಕವರ್ ಸಿಗುತ್ತದೆ. ನಾನೂ ಡಿಜಿಟಲ್ ಮೆಷಿನ್ ತರಿಸಿದ್ದೇನೆ; ಅವನ ಗಿರಾಕಿಗಳೆಲ್ಲ ನನ್ನಲ್ಲಿಗೇ ಬರುತ್ತಾರೆ, ಕೆಲಸಕ್ಕೇನೂ ಕಡಿಮೆಯಿಲ್ಲ. ಆದರೆ ಅಪ್ಪ ನನ್ನ ಬಗ್ಗೆ ಏನು ಹೇಳಿ ಅಷ್ಟು ನಕ್ಕರು? ಹೊಗಳಿದರೋ, ಗೇಲಿ ಮಾಡಿದರೋ... ಗೊತ್ತಿದ್ದವ ಅವನೊಬ್ಬನೇ. ಅದನ್ನೂ ಅವನೇ ಕೊಂಡುಹೋದ.